ಹಳೇ ರೇಡಿಯೋ ದೆವ್ವದ ನಾಟಕ: ಎಲ್ಲಿಂದ ಕೇಳಲು ಶುರು ಮಾಡಬೇಕು? ನಮ್ಮ ಕಡೆ ಮಾಡಿದರೆ ನಡೆಯುತ್ತಾ?

ಹೆತ್ತೂರು ಹುಡುಗ:

ನಮಸ್ಕಾರ ಎಲ್ಲರಿಗೂ. ನಮ್ಮದು ಸಕಲೇಶಪುರ ತಾಲೂಕು. ಮಳೆಗಾಲ ಜೋರಾದರೆ ಇಲ್ಲಿ ಕರೆಂಟ್ ಹೋಗುತ್ತದೆ, ಅದರ ಹಿಂದೆಯೇ ಟವರ್ ಹೋಗುತ್ತದೆ, ಆಮೇಲೆ ಫೋನಿನಲ್ಲಿ ಮೊದಲೇ ಇಳಿಸಿಟ್ಟುಕೊಂಡದ್ದು ಏನಿದೆಯೋ ಅಷ್ಟೇ ನಮ್ಮ ಪಾಲಿಗೆ. ಸುಮ್ನೆ ಏನೋ ಹುಡುಕುತ್ತಾ ಇದ್ದಾಗ ಅಮೆರಿಕದ ಹಳೇ ರೇಡಿಯೋ ನಾಟಕಗಳು ಸಿಕ್ಕಿದವು. ಟಿವಿ ಮನೆಮನೆಗೆ ಬರುವುದಕ್ಕೆ ಮುಂಚಿನವು. ಮೊದಲು ಕೇಳಿದ್ದು ‘ಇನ್ನರ್ ಸ್ಯಾಂಕ್ಟಮ್ ಮಿಸ್ಟರೀಸ್’. ಆರ್ಗನ್ ಬಾರಿಸುತ್ತಾರೆ, ಬಾಗಿಲು ಕಿರ್ರ್ ಅಂತ ತೆರೆಯುತ್ತದೆ, ಒಳಗಿಂದ ಒಬ್ಬ ಮನುಷ್ಯ ನೆಂಟರನ್ನು ಕರೆದ ಹಾಗೆ ನಗುನಗುತ್ತಾ ಮಾತಾಡಿಸುತ್ತಾನೆ. ಅರ್ಧ ಗಂಟೆ ಕಥೆ. ಮುಗಿದ ಮೇಲೆ ಅದೇ ಬಾಗಿಲು ಮುಚ್ಚುತ್ತದೆ. ಮುಂದಿನ ವಾರ ಬೇರೆ ಕಥೆ, ಬೇರೆ ಜನ, ಆದರೆ ಬಾಗಿಲು ಅದೇ. ನನಗೆ ಇಂಗ್ಲಿಷ್ ಅರ್ಧ ಮಾತ್ರ ಅರ್ಥವಾಗುತ್ತದೆ, ಹೆದರಿಕೆ ಮಾತ್ರ ಪೂರ್ತಿ ಆಯಿತು.

ನಾವು ಊರಿನಲ್ಲಿ ಒಂದಷ್ಟು ಜನ ಗಣಪತಿ ಹಬ್ಬಕ್ಕೆ ನಾಟಕ ಆಡುವವರು. ಸ್ಟೇಜ್, ಲೈಟು, ಮೇಕಪ್ಪು ಎಲ್ಲದಕ್ಕೂ ಚಂದಾ ಎತ್ತಿ ಸಾಕಾಗಿದೆ. ಇದೇ ಥರ ಬರೀ ಕೇಳುವ ನಾಟಕ ಕನ್ನಡದಲ್ಲಿ ಮಾಡಿ ವಾಟ್ಸಾಪಿನಲ್ಲಿ ಬಿಟ್ಟರೆ ಹೇಗೆ ಅಂತ ಯೋಚನೆ. ಗೊತ್ತಿರುವವರು ಹೇಳಿ: ಇನ್ನೂ ಯಾವುದನ್ನು ಕೇಳಬೇಕು? ಆ ಸದ್ದುಗಳನ್ನೆಲ್ಲ ಆ ಕಾಲದಲ್ಲಿ ಹೇಗೆ ಮಾಡುತ್ತಿದ್ದರು? ಕಥೆ ಶುರುವಾಗುವ ಮುಂಚೆ ಮಾತಾಡುವ ಆ ಮನುಷ್ಯ ಬೇಕೇಬೇಕಾ, ಸೀದಾ ಕಥೆಗೆ ಹೋದರೆ ಆಗಲ್ವಾ?

ಮಲ್ಲಂದೂರು ರಸ್ತೆ:

ಅಯ್ಯೋ ಮಾರಾಯ, ನನ್ನ ಹಳೇ ಹುಚ್ಚನ್ನು ಕೆದಕಿದೆ. ಸ್ವಲ್ಪ ಉದ್ದ ಬರೆಯುತ್ತೇನೆ, ಕಾಫಿ ಇಟ್ಟುಕೊಂಡು ಓದು.

ನೀನು ಕೇಳಿದ ಇನ್ನರ್ ಸ್ಯಾಂಕ್ಟಮ್ ಶುರುವಾಗಿದ್ದು 1941ರಲ್ಲಿ, ನಿಂತಿದ್ದು 1952ರಲ್ಲಿ. ಮಾಡಿದವನು ಹೈಮನ್ ಬ್ರೌನ್. ಬಾಗಿಲ ಹತ್ತಿರ ನಿಂತು ಮಾತಾಡುವವನನ್ನು ರೇಮಂಡ್ ಅಂತ ಕರೆಯುತ್ತಿದ್ದರು. ಅವನದು ಹೆಣ, ಸಮಾಧಿ, ಕೊಲೆ ಇವುಗಳ ಮೇಲೇ ಜೋಕು. 1945ರ ಹೊತ್ತಿಗೆ ರೇಮಂಡ್ ಹೋಗಿ ಬೇರೆಯವನು ಬಂದ. ಅದೇ ಕಾಲಕ್ಕೆ ಕಾರ್ಯಕ್ರಮಕ್ಕೆ ದುಡ್ಡು ಹಾಕಿದ್ದು ಯಾರು ಗೊತ್ತಾ, ಲಿಪ್ಟನ್ ಟೀ! ದೆವ್ವದ ಬಾಗಿಲು ತೆರೆದ ಕೂಡಲೇ ಮೇರಿ ಅನ್ನುವ ಹೆಂಗಸು ಬಂದು ಟೀ ಎಷ್ಟು ಚೆನ್ನಾಗಿದೆ ಅಂತ ಹೇಳುತ್ತಾಳೆ, ಇವನು ರಕ್ತದ ಮಾತಾಡಿದರೆ ಅವಳು ಛೀ ಅನ್ನುತ್ತಾಳೆ. ಕಾಫಿ ನಾಡಿನವರು ಇದನ್ನು ಸಹಿಸಿಕೊಂಡೇ ಕೇಳಬೇಕು. ನಿಜ ಹೇಳಬೇಕೆಂದರೆ ಇನ್ನರ್ ಸ್ಯಾಂಕ್ಟಮ್ ಕಥೆಗಳು ಬಹಳಷ್ಟು ಬರೀ ಕಿರುಚಾಟ. ದೆವ್ವ ಅಂತ ಶುರುವಾಗಿ ಕೊನೆಗೆ ಯಾರೋ ಆಸ್ತಿಗೋಸ್ಕರ ಮಾಡಿದ ನಾಟಕ ಅಂತ ಮುಗಿಯುತ್ತವೆ. ಬಾಗಿಲಿಗೆ ಇರುವ ಮರ್ಯಾದೆ ಕಥೆಗಿಲ್ಲ.

ನಿಜವಾಗಿ ಹೆದರಬೇಕಾದರೆ ‘ಲೈಟ್ಸ್ ಔಟ್’ ಕೇಳು. 1934ರಲ್ಲಿ ಚಿಕಾಗೋದಲ್ಲಿ ವಿಲ್ಲಿಸ್ ಕೂಪರ್ ಶುರು ಮಾಡಿದ್ದು. ಹಾಕುತ್ತಿದ್ದುದು ನಡುರಾತ್ರಿ. ಆ ಹೊತ್ತಿಗೆ ಜಾಹೀರಾತು ಕೊಡುವವರೂ ಇಲ್ಲ, ಮಕ್ಕಳು ಮಲಗಿರುತ್ತಾರೆ, ಹಾಗಾಗಿ ಏನು ಬೇಕಾದರೂ ಮಾಡಬಹುದಿತ್ತು. ಮಾಡಿದರು ಕೂಡ. ತಲೆ ಕಡಿಯುವ ಸದ್ದಿಗೆ ಎಲೆಕೋಸಿನ ಮೇಲೆ ಕತ್ತಿ. ಮೂಳೆ ಮುರಿಯುವುದಕ್ಕೆ ಮಾಂಸದ ಅಂಗಡಿಯಿಂದ ತಂದ ಪಕ್ಕೆಲುಬು. ಎಲೆಕ್ಟ್ರಿಕ್ ಕುರ್ಚಿಯಲ್ಲಿ ಮನುಷ್ಯ ಸುಡುವುದಕ್ಕೆ ಬಾಣಲೆಯಲ್ಲಿ ಹಂದಿ ಮಾಂಸದ ತೆಳು ಹೋಳು. ಮನುಷ್ಯನ ಮೈ ಒಳಗಿನದು ಹೊರಗಾಗುವ ಒಂದು ಕಥೆ ಇದೆ, ಅದಕ್ಕೆ ಒದ್ದೆ ರಬ್ಬರ್ ಗ್ಲೌಸನ್ನು ತಿರುವಿ ಹಾಕಿದರಂತೆ, ಜೊತೆಗೆ ಹಣ್ಣಿನ ಬುಟ್ಟಿ ಹಿಸುಕಿದರಂತೆ. ರಬ್ಬರ್ ಗ್ಲೌಸ್ ಅಂತ ಗೊತ್ತಿದ್ದು ಕೇಳಿದರೂ ನನಗೆ ಊಟ ಸೇರಲಿಲ್ಲ.

1936ರಲ್ಲಿ ಕೂಪರ್ ಬಿಟ್ಟುಹೋದ, ಆರ್ಚ್ ಓಬೊಲರ್ ಬಂದ. ಅವನು 1937ರಲ್ಲಿ ಮಾಡಿದ ಕೋಳಿ ಹೃದಯದ ಕಥೆ ಈಗಲೂ ಜನರ ಬಾಯಲ್ಲಿದೆ. ಪ್ರಯೋಗಾಲಯದಲ್ಲಿ ಬದುಕಿಸಿ ಇಟ್ಟ ಒಂದು ಕೋಳಿಯ ಹೃದಯ, ಗಂಟೆಗಂಟೆಗೂ ಎರಡು ಪಟ್ಟಾಗುತ್ತಾ ಹೋಗುತ್ತದೆ. ಕಟ್ಟಡ ತುಂಬುತ್ತದೆ, ಊರು ತುಂಬುತ್ತದೆ. ಇದು ಪೂರ್ತಿ ಗಾಳಿಯಿಂದ ಹುಟ್ಟಿದ್ದಲ್ಲ, ಅಲೆಕ್ಸಿಸ್ ಕ್ಯಾರೆಲ್ ಅನ್ನುವ ವೈದ್ಯ 1912ರಿಂದ ಕೋಳಿ ಭ್ರೂಣದ ಹೃದಯದ ಚೂರೊಂದನ್ನು ಗಾಜಿನೊಳಗೆ ಸಾಕಿ ಆ ಕಾಲದಲ್ಲಿ ದೊಡ್ಡ ಸುದ್ದಿ ಮಾಡಿದ್ದ. ಈಗ ಆಲೋಚನೆ ಮಾಡು, ಇಷ್ಟು ದೊಡ್ಡ ಪ್ರಳಯಕ್ಕೆ ಬೇಕಾದ ಸದ್ದು ಯಾವುದು? ದಡ್, ದಡ್, ದಡ್. ಅಷ್ಟೇ. ಆ ಮೂಲ ರೆಕಾರ್ಡಿಂಗ್ ಉಳಿದಿಲ್ಲ, 1962ರಲ್ಲಿ ಓಬೊಲರ್ ಒಂದು ಎಲ್‌ಪಿ ರೆಕಾರ್ಡಿಗೆ ಚಿಕ್ಕದಾಗಿ ಮತ್ತೆ ಮಾಡಿದ್ದೇ ಈಗ ಸಿಗುವುದು.

ನನ್ನ ಮಾತು ಇಷ್ಟೇ: ಒಂದು ಕಥೆಗೆ ಒಂದೇ ಸದ್ದು. ಅದನ್ನು ಮೊದಲು ಹುಡುಕು, ಆಮೇಲೆ ಕಥೆ ಬರೆ. ನಿಮ್ಮ ಕಡೆ ಸದ್ದಿಗೆ ಬರವಾ? ರಾತ್ರಿ ತೋಟದಲ್ಲಿ ಆನೆ ಬಗನಿ ಮರ ಸೀಳುವ ಸದ್ದು ಒಂದು ಸಲ ಕೇಳಿದವನಿಗೆ ಬೇರೆ ಏನೂ ಬೇಕಾಗಿಲ್ಲ. ಮೊದಲು ಚಟ್ ಅಂತ ಒಂದು, ಆಮೇಲೆ ಉದ್ದಕ್ಕೆ ನಾರು ಕೀಳುವುದು, ಆಮೇಲೆ ಏನೂ ಇಲ್ಲ. ಅದು ನಿಂತಿದೆಯಾ, ಹೋಯಿತಾ, ಈ ಕಡೆ ತಿರುಗಿತಾ, ಒಂದೂ ಗೊತ್ತಾಗುವುದಿಲ್ಲ.

ಬಾನುಲಿ ಅಕ್ಕ:

ನಾನು ಹಾಸನದಲ್ಲಿದ್ದೇನೆ. ಆಕಾಶವಾಣಿಯ ನಾಟಕ ಆಡಿಷನ್ ಪಾಸಾಗಿ ಬಹಳ ವರ್ಷ ಬಾನುಲಿ ನಾಟಕದಲ್ಲಿ ದನಿ ಕೊಟ್ಟವಳು. ದೆವ್ವದ ಪಾತ್ರ ಮಾತ್ರ ಒಂದೂ ಸಿಗಲಿಲ್ಲ, ಬರೀ ಅತ್ತೆ, ಅಂಗನವಾಡಿ ಟೀಚರ್, ಕುಟುಂಬ ಯೋಜನೆಯ ನರ್ಸಮ್ಮ!

ಸದ್ದಿನ ವಿಷಯ ಹೇಳುತ್ತೇನೆ ತಮ್ಮಾ. ಮಳೆ ಬೇಕಾದರೆ ಮೊರದಲ್ಲಿ ಸಾಸಿವೆ ಹಾಕಿ ನಿಧಾನ ಆಡಿಸು. ರಾಗಿ ಹಾಕಿದರೆ ಇನ್ನೂ ಮೆತ್ತಗೆ, ಸೋನೆ ಮಳೆ ಥರ ಬರುತ್ತದೆ. ಕುದುರೆಗೆ ತೆಂಗಿನ ಚಿಪ್ಪು, ಅದು ಎಲ್ಲರಿಗೂ ಗೊತ್ತು. ಗುಡುಗಿಗೆ ಅಗಲವಾದ ತಗಡನ್ನು ಒಂದು ತುದಿ ಹಿಡಿದು ಒದರು. ಕತ್ತಿ ಏಟಿಗೆ ಎಲೆಕೋಸಿಗಿಂತ ಬಾಳೆದಿಂಡು ವಾಸಿ, ನೀರು ಇರುತ್ತದಲ್ಲ, ಕಡಿದಾಗ ಒದ್ದೆ ಸದ್ದು ಬರುತ್ತದೆ. ಬೆಂಕಿಗೆ ಮೈಕಿನ ಹತ್ತಿರ ತೆಳ್ಳನೆಯ ಪ್ಲಾಸ್ಟಿಕ್ ಹಾಳೆ ಮೆಲ್ಲಗೆ ಮುದುರು. ನಿಜವಾದ ಬೆಂಕಿಯ ಹತ್ತಿರ ಫೋನು ಹಿಡಿದರೆ ಬರೀ ಗಾಳಿ ಸದ್ದು ಬರುತ್ತದೆ. ಬಾಗಿಲಿಗೆ ಮಾತ್ರ ಹಳೇ ಮನೆಯ ಬಾಗಿಲೇ ಆಗಬೇಕು, ಕೀಲಿಗೆ ಎಣ್ಣೆ ಹಾಕುವ ಮುಂಚೆ ರೆಕಾರ್ಡ್ ಮಾಡಿಕೊ.

ಆದರೆ ಇದಕ್ಕಿಂತ ಮುಖ್ಯ ಕಾಗದ. ನಗಬೇಡ. ಸ್ಕ್ರಿಪ್ಟಿಗೆ ಪಿನ್ ಹೊಡೆಯಬಾರದು. ಬಿಡಿ ಹಾಳೆ, ಒಂದೇ ಮಗ್ಗುಲಿಗೆ ಬರೆದಿರಬೇಕು. ಓದಿ ಮುಗಿದ ಹಾಳೆಯನ್ನು ಕೊನೆಯ ಸಾಲಿಗೆ ಬರುವಾಗಲೇ ಬೆರಳಿನಿಂದ ಪಕ್ಕಕ್ಕೆ ಜಾರಿಸಿ, ಮೈಯಿಂದ ದೂರ ಹಿಡಿದು, ಜಮಖಾನೆ ಮೇಲೆ ಬಿಟ್ಟುಬಿಡಬೇಕು. ಹಾಳೆ ಮಡಚಿದ ಸದ್ದು ಒಂದು ಬಂದರೆ ಸಾಕು, ಕೇಳುವವನಿಗೆ ಸ್ಮಶಾನವೂ ಇಲ್ಲ, ದೆವ್ವವೂ ಇಲ್ಲ, ನಾಲ್ಕು ಜನ ಕಾಗದ ಹಿಡಿದು ನಿಂತಿರುವುದೇ ಕಾಣುತ್ತದೆ. ಈಗಿನವರು ಫೋನಿನಲ್ಲೇ ನೋಡಿ ಓದುತ್ತಾರೆ, ಒಳ್ಳೆಯದೇ, ಆದರೆ ನೋಟಿಫಿಕೇಷನ್ ಬಂದ್ ಮಾಡಿ ಪುಣ್ಯ ಕಟ್ಟಿಕೊಳ್ಳಿ.

ಇನ್ನೊಂದು. ಆ ಕಾಲದ ಅಮೆರಿಕದವರು ಇದನ್ನೆಲ್ಲ ನೇರ ಪ್ರಸಾರದಲ್ಲಿ ಮಾಡುತ್ತಿದ್ದರು. ಕೆಲವು ಕಾರ್ಯಕ್ರಮವನ್ನು ಪೂರ್ವದ ಊರುಗಳಿಗೆ ಒಮ್ಮೆ, ಹೊತ್ತು ಹಿಂದೆ ಇರುವ ಪಶ್ಚಿಮದ ಊರುಗಳಿಗೆ ಮತ್ತೊಮ್ಮೆ, ಒಂದೇ ರಾತ್ರಿ ಎರಡು ಸಲ ಆಡಬೇಕಿತ್ತು. ರೀಟೇಕ್ ಅನ್ನುವುದೇ ಇಲ್ಲ. ನೀವೂ ಹಾಗೇ ಮಾಡಿ ನೋಡಿ, ಎಲ್ಲರೂ ಒಂದೇ ಕೋಣೆಯಲ್ಲಿ ನಿಂತು ಮೊದಲಿಂದ ಕೊನೆತನಕ ಒಂದೇ ಉಸಿರಿಗೆ. ಒಬ್ಬೊಬ್ಬರು ಅವರವರ ಮನೆಯಲ್ಲಿ ಮಾತಾಡಿ ಕಳಿಸಿದ್ದನ್ನು ಜೋಡಿಸಿದರೆ ಅದು ಗೊತ್ತಾಗಿಯೇ ಆಗುತ್ತದೆ, ಒಬ್ಬನ ಹೆದರಿಕೆ ಇನ್ನೊಬ್ಬನ ದನಿಗೆ ಹತ್ತುವುದಿಲ್ಲ.

ಕೊಟ್ಟಿಗೆಹಾರದವ:

ಇಬ್ಬರೂ ಸದ್ದು ಸದ್ದು ಅಂತಿದ್ದೀರಿ, ನಾನು ಒಪ್ಪಲ್ಲ. ಎಲೆಕೋಸು ಕಡಿದರೆ ಅಸಹ್ಯ ಆಗುತ್ತದೆ, ಹೆದರಿಕೆ ಬೇರೆ.

ಅದೇ ವಿಲ್ಲಿಸ್ ಕೂಪರ್, ಅಷ್ಟೆಲ್ಲ ತಲೆ ಕಡಿಸಿದವನು, 1947ರಲ್ಲಿ ‘ಕ್ವೈಟ್ ಪ್ಲೀಸ್’ ಅಂತ ಮಾಡಿದ. 1949ರ ತನಕ ನಡೆಯಿತು. ಅದರಲ್ಲಿ ಹೆಚ್ಚಾಗಿ ಅರ್ನೆಸ್ಟ್ ಚಾಪೆಲ್ ಅನ್ನುವ ಒಬ್ಬನೇ ಮಾತಾಡುತ್ತಾನೆ. ಕಿರುಚುವುದಿಲ್ಲ. ಜಗಲಿ ಮೇಲೆ ಪಕ್ಕದಲ್ಲಿ ಕೂತು, ಅರ್ಜೆಂಟ್ ಏನಿಲ್ಲ, ಹೇಳುತ್ತೇನೆ ಕೇಳು ಅನ್ನುವ ದನಿ. ಮಾತಿನ ನಡುವೆ ಸುಮ್ಮನಾಗುತ್ತಾನೆ. ಎಷ್ಟು ಹೊತ್ತು ಸುಮ್ಮನಾಗುತ್ತಾನೆ ಅಂದರೆ ಫೋನ್ ಆಫ್ ಆಯಿತಾ ಅಂತ ತೆಗೆದು ನೋಡಿದ್ದೇನೆ. ಎಣ್ಣೆ ಬಾವಿ ತೋಡುವವರ ಕಥೆ ಒಂದಿದೆ, 1948ರದ್ದು, ‘ದಿ ಥಿಂಗ್ ಆನ್ ದಿ ಫೋರ್ಬಲ್ ಬೋರ್ಡ್’. ನೆಲದೊಳಗೆ ಸಾವಿರಾರು ಅಡಿ ಕೆಳಗಿಂದ ತೆಗೆದ ಕಲ್ಲಿನಲ್ಲಿ ಒಂದು ಉಂಗುರ ಸಿಗುತ್ತದೆ. ಮುಂದೆ ಹೇಳಲ್ಲ. ಕಣ್ಣಿಗೆ ಕಾಣದ ಒಂದು ಪ್ರಾಣಿ ಮಗುವಿನ ಥರ ಅಳುತ್ತದೆ ಅಂತ ಮಾತ್ರ ಹೇಳುತ್ತೇನೆ. ಕೊನೆಯ ನಿಮಿಷದಲ್ಲಿ ಚಾಪೆಲ್ ದನಿಯಲ್ಲಿ ಒಂದು ಸಣ್ಣ ಬದಲಾವಣೆ ಆಗುತ್ತದೆ, ಅಷ್ಟು ಹೊತ್ತು ನೀವು ಯಾರ ಮನೆಯಲ್ಲಿ ಕೂತು ಕಥೆ ಕೇಳುತ್ತಿದ್ದಿರಿ ಅಂತ ಆಗ ಗೊತ್ತಾಗುತ್ತದೆ.

ಲೂಸಿಲ್ ಫ್ಲೆಚರ್ ಬರೆದ ‘ದಿ ಹಿಚ್‌ಹೈಕರ್’ ಇನ್ನೊಂದು. 1941ರದ್ದು, ಆರ್ಸನ್ ವೆಲ್ಸ್ ದನಿ. ಒಬ್ಬ ನ್ಯೂಯಾರ್ಕ್ ಕಡೆಯಿಂದ ಕ್ಯಾಲಿಫೋರ್ನಿಯಾಕ್ಕೆ ಕಾರಿನಲ್ಲಿ ಹೊರಡುತ್ತಾನೆ, ದಾರಿಯಲ್ಲಿ ಒಬ್ಬ ಮನುಷ್ಯ ಕೈ ತೋರಿಸುತ್ತಾನೆ, ಇವನು ನಿಲ್ಲಿಸುವುದಿಲ್ಲ. ನೂರಾರು ಮೈಲಿ ಮುಂದೆ ಹೋದರೆ ಅದೇ ಮನುಷ್ಯ ಅಲ್ಲಿ ನಿಂತಿದ್ದಾನೆ. ಚಾರ್ಮಾಡಿ ಘಾಟಿಯಲ್ಲಿ ಮಂಜು ಬಿದ್ದಾಗ ಗಾಡಿ ಓಡಿಸಿದವರು ಯಾರಾದರೂ ಇದನ್ನು ಕೇಳಿ, ಆಮೇಲೆ ಮಾತಾಡೋಣ. ಇದರಲ್ಲಿ ಸದ್ದು ಏನಿದೆ? ಕಾರಿನ ಇಂಜಿನ್. ಅಷ್ಟೇ. ಹೆದರಿಸುವುದು ಆ ಮನುಷ್ಯ ಕರೆಯುವ ರೀತಿ.

ನಮ್ಮಲ್ಲಿ ಇದಕ್ಕೆ ಹೇಳಿ ಮಾಡಿಸಿದ ದೆವ್ವ ಒಂದಿದೆ, ಯಾರಿಗೂ ನೆನಪಾಗಲಿಲ್ವಾ? ‘ನಾಳೆ ಬಾ’. 1990ರ ದಶಕದಲ್ಲಿ ಬೆಂಗಳೂರಿನಿಂದ ಹಿಡಿದು ಹಳ್ಳಿಗಳ ತನಕ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ, ಇದ್ದಿಲಿನಲ್ಲಿ ಬರೆದಿದ್ದರಲ್ಲ. ಆ ದೆವ್ವ ಹೇಗಿದೆ ಅಂತ ಯಾರಾದರೂ ಹೇಳಿದ್ದು ಕೇಳಿದ್ದೀರಾ? ಬಿಳಿ ಸೀರೆ ಇಲ್ಲ, ತಿರುಗಿದ ಪಾದ ಇಲ್ಲ. ರಾತ್ರಿ ಬಾಗಿಲು ತಟ್ಟಿ, ನಿಮ್ಮ ಮನೆಯವರದ್ದೇ ದನಿಯಲ್ಲಿ ಹೆಸರು ಹಿಡಿದು ಕೂಗುತ್ತದೆ, ಬಾಗಿಲು ತೆಗೆದರೆ ಸತ್ತೆ. ಅದು ಬರೀ ದನಿ. ಸಿನಿಮಾದಲ್ಲಿ ಅದಕ್ಕೆ ಒಂದು ಮುಖ ಹಚ್ಚಲೇಬೇಕು, ಮುಖ ಬಂದ ಕೂಡಲೇ ಕೆಟ್ಟಿತು. ರೇಡಿಯೋದಲ್ಲಿ ಏನೂ ಮಾಡಬೇಕಾಗಿಲ್ಲ. ಮೊದಲು ಒಂದು ಸೀನಿನಲ್ಲಿ ತಾಯಿ ಅಡುಗೆ ಮನೆಯಿಂದ ಮಗನನ್ನು ಊಟಕ್ಕೆ ಕರೆಯಲಿ. ಆಮೇಲೆ ರಾತ್ರಿ ಅದೇ ನಟಿ, ಅದೇ ದನಿ, ಅದೇ ಮಾತು, ಬಾಗಿಲ ಆಚೆಯಿಂದ. ಒಳಗೆ ಇನ್ನೊಂದು ಕೋಣೆಯಲ್ಲಿ ತಾಯಿಯ ಕೆಮ್ಮು ಕೇಳಿಸುತ್ತಾ ಇರುತ್ತದೆ.

ಮಲ್ಲಂದೂರು ರಸ್ತೆ:

ಕೆಮ್ಮು ಚೆನ್ನಾಗಿದೆ ಮಾರಾಯ. ಆದರೆ ಕೆಮ್ಮು ಸದ್ದಲ್ವಾ? ನಾನು ಹೇಳಿದ್ದೂ ಅದೇ, ಒಂದು ಕಥೆಗೆ ಒಂದು ಸದ್ದು.

ಕೊಟ್ಟಿಗೆಹಾರದವ:

ಕೆಮ್ಮು ಮನುಷ್ಯನದು, ಎಲೆಕೋಸಿನದಲ್ಲ. ಬಿಡಿ ಸರ್, ನಿಮ್ಮ ಹತ್ತಿರ ವಾದ ಮಾಡಿ ಗೆಲ್ಲಲಾಗುವುದಿಲ್ಲ.

ಹೆತ್ತೂರು ಹುಡುಗ:

ಎಲ್ಲರಿಗೂ ಥ್ಯಾಂಕ್ಸ್. ಲೈಟ್ಸ್ ಔಟ್ ಕೇಳಿದೆ, ಎಣ್ಣೆ ಬಾವಿಯದ್ದೂ ಕೇಳಿದೆ. ಎರಡನೆಯದು ಕೇಳಿದ ಮೇಲೆ ಹಿತ್ತಲಿಗೆ ಹೋಗುವಾಗ ತಮ್ಮನನ್ನು ಜೊತೆಗೆ ಕರೆದುಕೊಂಡು ಹೋದೆ, ಅವನು ಈಗಲೂ ಆಡಿಕೊಂಡು ನಗುತ್ತಾನೆ. ‘ನಾಳೆ ಬಾ’ ಖಂಡಿತ ಮಾಡುತ್ತೇವೆ. ಇನ್ನೊಂದು ಆಲೋಚನೆ ಇದೆ, ಎಡಕುಮೇರಿ ಸ್ಟೇಷನ್. ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ಹೋಗುವ ರೈಲು ದಾರಿಯಲ್ಲಿ 57 ಸುರಂಗ ಇವೆಯಲ್ಲ, ಆ ಕಾಡಿನ ಮಧ್ಯೆ ಸ್ಟೇಷನ್. ರಾತ್ರಿ ಪಾಳಿಯವನೊಬ್ಬ, ಸುರಂಗದೊಳಗಿಂದ ಬರುವ ರೈಲಿನ ಸದ್ದು, ಆದರೆ ರೈಲು ಬರುವುದಿಲ್ಲ. ಇಷ್ಟೇ ಇದೆ ಸದ್ಯಕ್ಕೆ. ಮೊದಲು ಮಾತಾಡುವ ಆ ಮನುಷ್ಯನ ಬಗ್ಗೆ ಯಾರೂ ಹೇಳಲಿಲ್ಲ. ಬೇಕಾ ಬೇಡವಾ?

ಮಲ್ಲಂದೂರು ರಸ್ತೆ:

ಬೇಕು. ವಾರವಾರ ಕಥೆ ಬದಲಾದರೆ ಕೇಳುವವನಿಗೆ ಹಿಡಿದುಕೊಳ್ಳಲು ಏನೂ ಇರುವುದಿಲ್ಲ. ಪಾತ್ರದ ಪರಿಚಯ ಇಲ್ಲ, ಊರು ಹೊಸತು. ಒಬ್ಬ ಗೊತ್ತಿರುವ ಮನುಷ್ಯ ಬಾಗಿಲಲ್ಲಿ ನಿಂತು ಬಾ ಅಂದರೆ ಧೈರ್ಯವಾಗಿ ಒಳಗೆ ಬರುತ್ತಾನೆ, ಮೋಸ ಹೋಗುವುದು ಆಮೇಲೆ. ಇದು 1931ರಿಂದಲೂ ಇದೆ. ‘ದಿ ವಿಚಸ್ ಟೇಲ್’ ಅಂತ ನ್ಯೂಯಾರ್ಕಿನ ಕಾರ್ಯಕ್ರಮ, ಅದರಲ್ಲಿ ನ್ಯಾನ್ಸಿ ಅನ್ನುವ ಮಾಟಗಾತಿ ಮುದುಕಿ ಕರಿ ಬೆಕ್ಕಿನ ಜೊತೆ ಕೂತು ಕಥೆ ಹೇಳುತ್ತಿದ್ದಳು. ಆ ಪಾತ್ರ ಮಾಡುತ್ತಿದ್ದ ನಟಿ ನಿಜವಾಗಿಯೂ ವಯಸ್ಸಾದವಳು, 1935ರಲ್ಲಿ ತೀರಿಕೊಂಡಳು. ಆಮೇಲೆ ಆ ಮುದುಕಿಯ ದನಿ ಮಾಡಿದ್ದು ಮಿರಿಯಮ್ ವುಲ್ಫ್, ಆಗ ಅವಳಿಗೆ 13 ವರ್ಷ. ರೇಡಿಯೋ ಅಂದರೆ ಇದು.

ನಿಮಗೆ ಹೊಂದುವುದು ‘ದಿ ಮಿಸ್ಟೀರಿಯಸ್ ಟ್ರಾವೆಲರ್’ ಥರದ್ದು. 1943ರಿಂದ 1952ರ ತನಕ ಇತ್ತು. ರೈಲಿನ ಸೀಟಿ ಕೇಳಿಸುತ್ತದೆ, ಪಕ್ಕದ ಸೀಟಿನಲ್ಲಿ ಕೂತವನು ಪ್ರಯಾಣ ಹೇಗಿದೆ ಅಂತ ವಿಚಾರಿಸಿ ಕಥೆ ಶುರು ಮಾಡುತ್ತಾನೆ. ನಮ್ಮಲ್ಲಿ ರೈಲಿಗಿಂತ ಬಸ್ಸು ಹತ್ತಿರ. ಸಕಲೇಶಪುರದಿಂದ ಹೊರಡುವ ಕೊನೇ ಬಸ್ಸು ಅಂತ ಇಟ್ಟುಕೊ. ಕಂಡಕ್ಟರ್ ಕಥೆ ಹೇಳುವವನು. ಅವನ ವಿಸಿಲ್, ಹೋಲ್ಡಾನ್ ಅನ್ನುವುದು, ಟಿಕೆಟ್ ಮಿಷನ್ನಿನ ಸದ್ದು. ಪ್ರತಿ ವಾರ ಒಬ್ಬ ಪ್ಯಾಸೆಂಜರ್ ಒಂದು ಸ್ಟಾಪಿನಲ್ಲಿ ಇಳಿಯುತ್ತಾನೆ, ಅವನಿಗೆ ಏನಾಯಿತು ಅನ್ನುವುದೇ ಆ ವಾರದ ಕಥೆ. ಒಂದು ವಾರ ಎಡಕುಮೇರಿಯವನು, ಒಂದು ವಾರ ಶೆಟ್ಟಿಹಳ್ಳಿ ಚರ್ಚ್ ಕಡೆ ಹೋಗುವವನು. ಗೊರೂರು ಹಿನ್ನೀರಿನಲ್ಲಿ ಮಳೆಗಾಲದಲ್ಲಿ ಮುಳುಗಿ ಬೇಸಿಗೆಯಲ್ಲಿ ಮೇಲೆ ಬರುತ್ತದಲ್ಲ, ಅಲ್ಲಿಗೆ ಜುಲೈ ತಿಂಗಳಿನಲ್ಲಿ ಪೂಜೆಗೆ ಹೋಗುತ್ತೇನೆ ಅಂತ ಟಿಕೆಟ್ ತಗೊಂಡವನ ಕಥೆ ನೀನೇ ಬರೆ.

ಕೊಟ್ಟಿಗೆಹಾರದವ:

ಇದು ಸೂಪರ್ ಸರ್. ಇಳಿದವರೆಲ್ಲ ಯಾವಾಗಲಾದರೂ ಮತ್ತೆ ಅದೇ ಬಸ್ಸು ಹತ್ತಬೇಕು. ಕಂಡಕ್ಟರ್ ಅವರ ಹತ್ತಿರ ಮಾತ್ರ ಟಿಕೆಟ್ ಕೇಳಬಾರದು. ಯಾಕೆ ಅಂತ ಹೇಳಲೇಬೇಡಿ.

ಒಂದು ಎಚ್ಚರಿಕೆ, ಆ ಅಮೆರಿಕದ ಕಥೆಗಳನ್ನೇ ಎತ್ತಿ ಕನ್ನಡ ಮಾಡಬೇಡಿ, ಕೆಲವದಕ್ಕೆ ಇನ್ನೂ ಹಕ್ಕುದಾರರು ಇರಬಹುದು. ರೀತಿ ಕಲಿಯಿರಿ, ಕಥೆ ನಿಮ್ಮದಿರಲಿ.

ಬಾನುಲಿ ಅಕ್ಕ:

ರೆಕಾರ್ಡಿಂಗಿಗೆ ಸ್ಟುಡಿಯೋ ಬೇಡ ತಮ್ಮಾ. ಚಿಕ್ಕ ಕೋಣೆ ನೋಡು, ಗೋಡೆಗೆ ಕಂಬಳಿ ನೇತು ಹಾಕು, ನೆಲಕ್ಕೆ ಜಮಖಾನೆ. ಹೆಂಚಿನ ಮನೆ ಆದರೆ ಮಳೆ ಇಲ್ಲದ ದಿನ ನೋಡಿಕೊ, ಇಲ್ಲದಿದ್ದರೆ ನಿನ್ನ ಸಾಸಿವೆ ಮಳೆಗೆ ಕೆಲಸವೇ ಇರುವುದಿಲ್ಲ. ಬಾಗಿಲ ಆಚೆಯಿಂದ ಕೂಗುವವಳನ್ನು ನಿಜವಾಗಿಯೂ ಬಾಗಿಲ ಆಚೆ ನಿಲ್ಲಿಸು, ಮೈಕಿನ ಮುಂದೆ ಮೆಲ್ಲಗೆ ಮಾತಾಡಿದರೆ ಅದು ದೂರ ಅನ್ನಿಸುವುದಿಲ್ಲ, ಬರೀ ಮೆಲ್ಲಗೆ ಅನ್ನಿಸುತ್ತದೆ.

ಹೆತ್ತೂರು ಹುಡುಗ:

ಅಕ್ಕಾ, ಒಂದು ಮಾತು ಕೇಳಲಾ? ಮೊದಲನೆಯದು ‘ನಾಳೆ ಬಾ’ ಮಾಡುತ್ತೇವೆ. ಆ ತಾಯಿಯ ದನಿ ನೀವು ಕೊಡುತ್ತೀರಾ? ಹಾಸನಕ್ಕೆ ನಾವೇ ಬರುತ್ತೇವೆ.

ಬಾನುಲಿ ಅಕ್ಕ:

ಇಷ್ಟು ವರ್ಷ ಅಮ್ಮ, ಅತ್ತೆ ಆಗಿ ಸಾಕಾಗಿದೆ ಕಣಪ್ಪಾ. 13 ವರ್ಷದವಳು ಮುದುಕಿ ಆಗಬಹುದಾದರೆ ನಾನು ಯಾಕೆ ಕಂಡಕ್ಟರ್ ಆಗಬಾರದು? ವಿಸಿಲ್ ತಂದುಕೊಡಿ, ಬರುತ್ತೇನೆ.